ಎಕ್ಕಿ ಗಿಡದ ಖಾನಾವಳಿ

ಶನಿವಾರ ಬೆಳಿಗ್ಗೆ ವಿಜಯಪುರದ ಹಣಮಪ್ಪನ ಗುಡಿಗಳ ಮುಂದೆ ಎಕ್ಕಿ ಹಾರ ಮಾರಲು ಕೂತಿರುತ್ತಾರೆ. ಚೌಕಾಸಿ ಮಾಡಿ ಕೊಳ್ಳುತ್ತೇವೆ. ಅದೇ ಗಿಡ ನಮ್ಮ ಪ್ಲಾಟಿನಲ್ಲಿ ಎದ್ದರೆ ಮಾತ್ರ ಕೊಡಲಿ ಹುಡುಕುತ್ತೇವೆ. ‘ನಿನ್ನ ಮನೆ ಹಾಳಾಗಿ ಎಕ್ಕಿ ಹುಟ್ಟಲಿ’ ಅನ್ನೋದು ಸಣ್ಣ ಬೈಗುಳವಲ್ಲ, ಅಲ್ವಾ?

ಎಕ್ಕಿಗೆ ಇದ್ಯಾವುದರ ಗೊಡವೆಯೂ ಇಲ್ಲ. ಆದಿಲಶಾಹಿ ಕೋಟೆಗೋಡೆಯ ಬುಡ, ರಸ್ತೆಯ ಅಂಚು, ಕಲ್ಲು ಸುರಿದ ಖಾಲಿ ಜಾಗ, ಎಲ್ಲಾದರೂ ಸೈ. ಮೇ ತಿಂಗಳಲ್ಲಿ ಎರೆಹೊಲ ಬಾಯಿ ಬಿಟ್ಟಾಗಲೂ ದಪ್ಪ ಎಲೆ, ಅದರ ಮೇಲೆ ಬೂದಿ ಸವರಿದಂಥ ಬಿಳುಪು, ತುದಿಯಲ್ಲಿ ಹೂಗೊಂಚಲು. ನಮ್ಮ ಕಡೆ ಎರಡು ಜಾತಿ ಸಿಗುತ್ತವೆ. ಒಂದರ ಹೂ ದೊಡ್ಡದು, ತಿಳಿ ನೇರಳೆ ಇಲ್ಲವೇ ಬಿಳಿ, ಎಸಳು ಅಗಲಕ್ಕೆ ಬಿಚ್ಚಿಕೊಂಡಿರುತ್ತದೆ. ಇನ್ನೊಂದರದು ಚಿಕ್ಕದು, ನೆಟ್ಟಗೆ ನಿಂತ ಬಿಳಿ ಎಸಳಿನ ತುದಿಗಷ್ಟೇ ನೇರಳೆ ಬಣ್ಣ.

ಎಲೆ ಮುರಿದರೆ ಬಿಳಿ ಹಾಲು. ಕಾಲಿಗೆ ಮುಳ್ಳು ನೆಟ್ಟರೆ ಹಚ್ಚು ಅಂತ ಹಿರಿಯರು ಹೇಳುತ್ತಿದ್ದರು. ಆದರೆ ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು. ಹೊಟ್ಟೆಗೆ ಹೋದರೆ ಎದೆಬಡಿತ ಕೆಡಿಸುವ ವಿಷ.

ಇಂಥ ಗಿಡದ ಹತ್ತಿರ ಯಾರು ಸುಳಿಯುತ್ತಾರೆ ಅಂದುಕೊಂಡರೆ, ಇದು ತಿಂಗಳ ಗಿರಾಕಿಗಳಿಂದ ತುಂಬಿದ ಖಾನಾವಳಿ! ಎಳೆ ಕುಡಿಗೆ ಹಳದಿ ಹೇನು ಮುತ್ತಿರುತ್ತವೆ. ಹಳದಿ-ನೀಲಿ ಪಟ್ಟೆಯ ಮಿಡತೆ ರಾಜಾರೋಷವಾಗಿ ಎಲೆ ಮೇಯುತ್ತದೆ. ಅದರ ಮರಿಯನ್ನು ಸುಮ್ನೆ ಹಿಡಿದು ನೋಡಿ, ಪಿಚಕ್ಕಂತ ಒಂದು ದ್ರವ ಚಿಮ್ಮಿಸುತ್ತದೆ. ಹಿಡಿಯದಿದ್ದರೇ ಒಳ್ಳೆಯದು ಅನ್ನಿ.

ಹೂವಿಗೆ ಬರುವ ಗಿರಾಕಿ ಬಡಗಿ ದುಂಬಿ. ಕಪ್ಪಗೆ, ಗುಂಡಗೆ, ಗುಂಯ್‌ಗುಡುತ್ತಾ. ಎಕ್ಕಿಯ ಪರಾಗ ಪುಡಿಯಲ್ಲ. ಮೇಣದಂಥ ಎರಡು ಪುಟ್ಟ ಚೀಲ, ಎರಡನ್ನೂ ಜೋಡಿಸಿದ ಕಂದು ಕ್ಲಿಪ್ಪು. ಹೂವಿನ ನಡುವಿನ ಕಿರೀಟದ ಸಂದಿಗಳಲ್ಲಿ ಅವು ಅಡಗಿರುತ್ತವೆ. ಮಕರಂದ ಹೀರುವಾಗ ದುಂಬಿಯ ಕಾಲು ಸಂದಿಗೆ ಜಾರುತ್ತದೆ, ಕ್ಲಿಪ್ಪು ಕಚ್ಚಿಕೊಳ್ಳುತ್ತದೆ. ಕಾಲು ಕಿತ್ತುಕೊಂಡರೆ ಚೀಲವೂ ಜೊತೆಗೇ ಬಂತು. ಮುಂದಿನ ಹೂವಿನ ಸಂದಿಯಲ್ಲಿ ಅದು ಸಿಕ್ಕಿಕೊಂಡರೆ ಕಾಯಿ ಕಟ್ಟುತ್ತದೆ. ಗೊಂಚಲು ತುಂಬಾ ಹೂವಿದ್ದರೂ ಕಾಯಿ ಬೆರಳೆಣಿಕೆಯಷ್ಟೇ. ಇಷ್ಟು ನಾಜೂಕಿನ ಕೆಲಸ ಪ್ರತಿ ಸಲವೂ ಕೈಗೂಡಬೇಕಲ್ಲ. ಕಾಯಿ ಒಣಗಿ ಬಿರಿದರೆ ಬೀಜಗಳು ರೇಷ್ಮೆ ಎಳೆ ಹಿಡಿದು ಗಾಳಿಗೆ ಹೊರಡುತ್ತವೆ.

ನನಗೆ ಜಾಸ್ತಿ ಇಷ್ಟವಾದ ಗಿರಾಕಿ ಬೇರೆ. ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ ಇರುವ ಚಿಟ್ಟೆ. ಎಲೆಯಡಿ ಒಂದೊಂದೇ ಮೊಟ್ಟೆ ಇಡುತ್ತದೆ. ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳ ಎಲೆ ತಿಂದು, ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಂಡು ಚಿಟ್ಟೆಯಾಗುತ್ತದೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಮತ್ತೆ ಆ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಇದರ ಹಾರಾಟ ಅಷ್ಟು ನಿಧಾನ, ಅಷ್ಟು ಗತ್ತು.

ಇದನ್ನು ಇನ್ನೊಂದು ಜಾತಿಯ ಚಿಟ್ಟೆ ಚೆನ್ನಾಗಿ ಬಳಸಿಕೊಂಡಿದೆ. ಅದರ ಹೆಣ್ಣಿನದು ಹೆಚ್ಚೂಕಡಿಮೆ ಇದೇ ಬಣ್ಣ, ಇದೇ ಚುಕ್ಕೆ. ಮೈಯಲ್ಲಿ ವಿಷವೂ ಇಲ್ಲ ಎಂಥದೂ ಇಲ್ಲ. ಹುಳವಾಗಿದ್ದಾಗ ತಿಂದದ್ದು ನಾವು ಪಲ್ಯ ಮಾಡಿ ತಿನ್ನುವ ಗೋಳಿ ಸೊಪ್ಪಿನಂಥವನ್ನು! ಎಕ್ಕಿಯ ಒಂದು ತುತ್ತೂ ಉಣ್ಣದೆ ಖಾನಾವಳಿಯ ಹೆಸರಲ್ಲಿ ಬದುಕುತ್ತದೆ. ಅದರ ಗಂಡಿಗೆ ಈ ವೇಷವೂ ಇಲ್ಲ. ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಬೊಟ್ಟು ಇಟ್ಟುಕೊಂಡು ತನ್ನ ಸ್ವಂತ ಧೈರ್ಯದ ಮೇಲೆ ಓಡಾಡುತ್ತದೆ, ಪಾಪ.