ಇಮ್ಯಾಕ್ ಇದೆ ಎಂದು ಸುಮ್ಮನಿರಬಾರದು

'ಅಮೆರಿಕದ ಐವತ್ತೂ ರಾಜ್ಯಗಳು, ವಿಪತ್ತಿನಲ್ಲಿ ಪರಸ್ಪರ ನೆರವಾಗುವ ಒಪ್ಪಂದವಾದ ಇಮ್ಯಾಕ್‌ಗೆ ಸೇರಿರುವಾಗ ರಾಜ್ಯಗಳ ಗಡಿಯಲ್ಲಿರುವ ಪಟ್ಟಣಗಳ ಅಗ್ನಿಶಾಮಕ ದಳಗಳಿಗೆ ಪ್ರತ್ಯೇಕ ಒಪ್ಪಂದ ಬೇಕಿಲ್ಲ' ಎಂಬ ಲೇಖನದ ವಾದ ಅಪಾಯಕಾರಿ. ಅಮೆರಿಕದ ಕಾಂಗ್ರೆಸ್ 1996ರಲ್ಲಿ ಸಮ್ಮತಿಸಿದ ಆ ಒಪ್ಪಂದ ರಾಜ್ಯ ರಾಜ್ಯಗಳ ನಡುವಿನದು. ಗವರ್ನರ್ ತುರ್ತುಸ್ಥಿತಿ ಘೋಷಿಸಬೇಕು, ಕೋರಿಕೆ ರಾಜ್ಯದ ವಿಪತ್ತು ನಿರ್ವಹಣಾ ಕಚೇರಿಯ ಮೂಲಕ ಹೋಗಬೇಕು. ನದಿಯಾಚೆ ಮನೆಯೊಂದು ಉರಿಯುತ್ತಿರುವಾಗ ಅಷ್ಟು ಹೊತ್ತು ಎಲ್ಲಿದೆ?

ಇನ್ನೂ ಮುಖ್ಯವಾದದ್ದು ಹೊಣೆಗಾರಿಕೆ. ಇಮ್ಯಾಕ್ ಅಡಿಯಲ್ಲಿ ಹೋದ ಸಿಬ್ಬಂದಿಯ ಲೈಸೆನ್ಸಿಗೆ 5ನೇ ವಿಧಿಯ, ನಷ್ಟಪರಿಹಾರದ ದಾವೆಗಳಿಗೆ 6ನೇ ವಿಧಿಯ ರಕ್ಷಣೆಯಿದೆ. ಫೋನ್ ಕರೆಗೆ ಓಗೊಟ್ಟು ಗಡಿ ದಾಟಿದವರಿಗೆ ಅದು ತಾನಾಗಿ ಸಿಗುವುದಿಲ್ಲ. ಗಾಯಗೊಂಡರೆ ಪರಿಹಾರ ಯಾರದು, ಗಡಿಯಾಚೆ ಪ್ಯಾರಾಮೆಡಿಕ್ (ತುರ್ತು ಚಿಕಿತ್ಸೆಯ ಸಿಬ್ಬಂದಿ) ಔಷಧ ಕೊಡಬಹುದೇ, ಇವೆಲ್ಲ ಎರಡೂ ರಾಜ್ಯಗಳ ಕಾನೂನಿಗೆ ಒಪ್ಪುವಂತೆ ಮೊದಲೇ ಬರವಣಿಗೆಯಲ್ಲಿರಬೇಕು.

'ಕೇಂದ್ರ ಸರ್ಕಾರ ವಿಪತ್ತು ಘೋಷಿಸಿದರೆ ಮಾತ್ರ ನೆರವಿಗೆ ಶುಲ್ಕ' ಎಂಬ ಷರತ್ತನ್ನಂತೂ ಸೇರಿಸಲೇಬಾರದು. ಹಾಗೆ ಬರೆದರೆ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾ ಆ ಖರ್ಚನ್ನು ಮರುಪಾವತಿ ಮಾಡುವುದಿಲ್ಲ.

ಜೊತೆಗೆ ಎರಡೂ ಕಡೆಯ ದಳಗಳು ಹೋಸ್ (ನೀರಿನ ಕೊಳವೆ) ಜೋಡಣೆಯ ತಿರುಪಿನ ಎಳೆಗಳನ್ನೂ ರೇಡಿಯೊ ಚಾನೆಲ್‌ಗಳನ್ನೂ ಕೂಡಿ ಪರೀಕ್ಷಿಸಲಿ. 1904ರ ಬಾಲ್ಟಿಮೋರ್ ಬೆಂಕಿಗೆ ಹೊರಗಿನಿಂದ ಧಾವಿಸಿದ ಹಲವರ ಹೋಸ್‌ಗಳು ಅಲ್ಲಿನ ಬೀದಿಬದಿಯ ನೀರಿನ ನಲ್ಲಿಗಳಾದ ಹೈಡ್ರಂಟ್‌ಗಳಿಗೆ ಕೂರಲೇ ಇಲ್ಲ.