ಮೂರು ವರ್ಷಕ್ಕೇ ಬ್ಯಾಟರಿ ಎಸೆಯಬೇಕಾ?

ಮೂರು ವರ್ಷ ಆದ ಕೂಡಲೇ ಕಾರಿನ ಬ್ಯಾಟರಿ ಬದಲಿಸಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದೊಂದು ಮಾತು ನನಗೆ ಒಪ್ಪಿಗೆಯಿಲ್ಲ. ನನ್ನದು ಐದನೇ ವರ್ಷದಲ್ಲಿದೆ. ಹೋದ ತಿಂಗಳು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ, ಗ್ಯಾರೇಜಿನವರು ಮೀಟರ್ ಕೂಡ ಇಡದೆ 'ಸತ್ತೋಗಿದೆ ಸಾರ್, ಹೊಸದು ಹಾಕ್ಸಿ' ಅಂದರು. ಪಕ್ಕದ ಮನೆಯವರ ಕಾರಿನ ಬ್ಯಾಟರಿಗೆ ತಂತಿ ಜೋಡಿಸಿ ಸ್ಟಾರ್ಟ್ ಮಾಡಿ, ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಒಯ್ದು ಪರೀಕ್ಷೆ ಮಾಡಿಸಿದರೆ, ಎಂಜಿನ್ ಓಡುತ್ತಿದ್ದಾಗಲೂ 12.1 ವೋಲ್ಟ್, ಅದು 14ರ ಆಸುಪಾಸು ಇರಬೇಕಿತ್ತು, ಅಂದರೆ ಕೆಟ್ಟಿದ್ದು ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್! ಹೊಸ ಬ್ಯಾಟರಿ ಹಾಕಿಸಿದ್ದರೆ ಅದೂ ಮಲಗುತ್ತಿತ್ತು ಅಲ್ವಾ? ವಾರಕ್ಕೊಮ್ಮೆ ಮಲ್ಲೇಶ್ವರದಿಂದ ಪಕ್ಕದ ಯಶವಂತಪುರಕ್ಕೆ ಮಾತ್ರ ಹೋಗಿಬರುವ ಕಾರಿಗೆ ಚಾರ್ಜೇ ತುಂಬುವುದಿಲ್ಲ, ಅದನ್ನೂ ಬರೆಯಬೇಕಿತ್ತು. ಹಾಂ, ಬದಲಿಸುವುದೇ ಆದರೆ ಹಳೆಯದನ್ನು ಸುಮ್ನೆ ಬಿಟ್ಟು ಬರಬೇಡಿ, ಒಳಗಿನ ಸೀಸಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಕಳೆಸಿಕೊಳ್ಳಿ.