ಗ್ಯಾದರಿಂಗಿನ ಪರದೆ ಯಾರು ಎಳೆಯಬೇಕು?

ಬಾಗಲಕೋಟೆ, ವಿಜಯಪುರದ ಕಡೆ ಹೈಸ್ಕೂಲು ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಡಿಸೆಂಬರ್-ಜನವರಿಯ ಒಂದು ಸಂಜೆ. ಪೆಂಡಾಲಿನವರು ಮಧ್ಯಾಹ್ನ ಸ್ಟೇಜು ಕಟ್ಟುತ್ತಾರೆ, ಡ್ರೆಸ್ಸಿನ ಗಂಟು ನಾಲ್ಕಕ್ಕೆ ಬಂದು ಬೀಳುತ್ತದೆ. ಸ್ಟೇಜಿನ ಮೇಲೆ ಮಕ್ಕಳು, ಅದರ ಹಿಂದೆ ಬರೀ ದೊಡ್ಡವರು. ಪರದೆ ಎಳೆಯುವವರು ಪಿ.ಟಿ. ಮಾಸ್ತರು, ಹಾಡು ಹಚ್ಚುವವನು ಮೈಕ್ ಸೆಟ್ಟಿನವ, ಮುಂದಿನ ತಂಡ ಕರೆಯುವವರು ಹಿಂದಿ ಟೀಚರು. ಈಗ ನಾನಿರುವ ಅಮೆರಿಕದ ಹೈಸ್ಕೂಲು ನಾಟಕಕ್ಕೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ದುಡ್ಡು, ದೀಪಗಳ ಮಾತು ಆಮೇಲೆ.

ಇಲ್ಲಿ ಸ್ಟೇಜ್ ಮ್ಯಾನೇಜರ್ ಎಂದರೆ ಹದಿನಾರು-ಹದಿನೇಳರ ಹುಡುಗಿ ಅಥವಾ ಹುಡುಗ. ಮೊದಲ ಪ್ರಯೋಗದ ದಿನ ಪರದೆ ಎದ್ದಮೇಲೆ ಆಟ ಅವರ ಕೈಯಲ್ಲಿ. ನಾಟಕ ಕಲಿಸಿದ ಮಾಸ್ತರು ನಡುವೆ ಬಾಯಿ ಹಾಕುವುದಿಲ್ಲ. 1929ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಥೆಸ್ಪಿಯನ್ ಸೊಸೈಟಿ ಎಂಬ ಶಾಲಾ ರಂಗಭೂಮಿಯ ಸಂಸ್ಥೆ ಪಾತ್ರ ಮಾಡಿದವರಂತೆ ಪರದೆಯ ಹಿಂದೆ ದುಡಿದವರಿಗೂ ಅಂಕ ಕೊಟ್ಟು ಸದಸ್ಯತ್ವ ಕೊಡುತ್ತದೆ. ನಮ್ಮ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆಗೆ, ಛದ್ಮವೇಷಕ್ಕೆ, ಕವ್ವಾಲಿಗೆ ಬಹುಮಾನ ಉಂಟು. ಆ ಕವ್ವಾಲಿ ತಂಡವನ್ನು ಸಮಯಕ್ಕೆ ಸರಿಯಾಗಿ ಸ್ಟೇಜಿಗೆ ಹತ್ತಿಸಿದ ಹುಡುಗನಿಗೆ ಏನೂ ಇಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ಮಾತಾಡಲು ನಾಚುವ, ಆದರೆ ಕೈಚಳಕ ಇರುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರ ಜಾಗ ಆ ಪರದೆಯ ಹಿಂದೆ.

ಸ್ಟೇಜ್ ಮ್ಯಾನೇಜರ್ ಕೆಲಸಕ್ಕೆ ಬೇಕಾದದ್ದು ಮೊದಲು ಒಂದು ಪುಸ್ತಕ. ಇನ್ನೂರು ಪುಟದ ಉದ್ದ ನೋಟ್‌ಬುಕ್ ತೆಗೆದುಕೊಂಡು, ನಾಟಕದ ಮಾತುಗಳ ಜೆರಾಕ್ಸನ್ನು ಬಲಪುಟಕ್ಕೆ ಮಾತ್ರ ಅಂಟಿಸಬೇಕು. ಎಡಪುಟದಲ್ಲಿ ದೀಪಕ್ಕೆ ‘ದೀ 1, ದೀ 2’, ಹಾಡಿಗೆ ‘ಹಾ 1’, ಪರದೆಗೆ ‘ಪ 1’ ಎಂದು ನಂಬರು ಹಾಕಿ, ಯಾವ ಮಾತಿನ ಯಾವ ಶಬ್ದಕ್ಕೆ ಅದು ಆಗಬೇಕೋ ಆ ಶಬ್ದಕ್ಕೆ ಗೆರೆ ಎಳೆಯಬೇಕು. ಪೆನ್ಸಿಲ್ಲೇ ಆಗಬೇಕು, ತಾಲೀಮಿನಲ್ಲಿ ಅರ್ಧಕ್ಕರ್ಧ ಬದಲಾಗುತ್ತದೆ. ಪ್ರತಿ ನಂಬರಿಗೂ ಅರ್ಧ ಪುಟ ಮೊದಲು ‘ತಯಾರು’ ಎಂದು ಇನ್ನೊಂದು ಗುರುತು ಇರಲಿ. ಇದನ್ನು ಬಿಟ್ಟಲ್ಲೇ ತಪ್ಪಾಗುವುದು: ಪರದೆಯ ಹಗ್ಗ ಹಿಡಿಯಬೇಕಾದವನು ಆ ಹೊತ್ತಿಗೆ ನೀರು ಕುಡಿಯಲು ಹೋಗಿರುತ್ತಾನೆ.

ಇಲ್ಲಿನವರು ಹೆಡ್‌ಫೋನಿನಲ್ಲಿ ಮಾತಾಡುತ್ತಾರೆ. ನಮ್ಮಲ್ಲಿ ಅದು ಬೇಕಿಲ್ಲ. ಮೊಬೈಲಂತೂ ಬೇಡವೇ ಬೇಡ, ಅಷ್ಟು ಜನ ಕೂಡಿದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹಳೆಯ ರಂಗಮಂದಿರಗಳ ಉಪಾಯವೊಂದಿದೆ: ಬ್ಯಾಟರಿಯ (ಟಾರ್ಚಿನ) ಬಾಯಿಗೆ ನೀಲಿ ಜಿಲೇಟಿನ್ ಕಾಗದ ಎರಡು ಪದರ ಸುತ್ತಿ ರಬ್ಬರ್ ಹಾಕಿ. ದೀಪ ಹತ್ತಿತೆಂದರೆ ತಯಾರು, ಆರಿತೆಂದರೆ ಎಳೆ. ಹತ್ತಿದಾಗ ಎಳೆಯುವುದು ಸುಲಭವಲ್ಲವೇ ಎನಿಸಬಹುದು. ಹಾಗೆ ಮಾಡಿದರೆ ಎಚ್ಚರಿಸುವುದಕ್ಕೆ ಬೇರೆ ಗುರುತೇ ಉಳಿಯುವುದಿಲ್ಲ. ಆರುವುದನ್ನು ಕಾಯುವ ಕಣ್ಣು ಬೇರೆಲ್ಲೂ ಹೋಗುವುದಿಲ್ಲ.

ಸಾಮಾನಿನ ಟೇಬಲ್ಲಿಗೆ ಹಳೇ ಪೇಪರು ಹಾಸಿ, ಗದೆ, ಕಮಂಡಲು, ಪತ್ರ ಇವುಗಳ ಸುತ್ತ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಹೆಸರು ಬರೆಯಿರಿ. ಖಾಲಿ ಗೆರೆ ಕಂಡಕೂಡಲೇ ಏನು ಕಳೆದಿದೆ ಎಂದು ಗೊತ್ತಾಗುತ್ತದೆ. ಸಿಂಹಾಸನ ಇಡುವ ಜಾಗಕ್ಕೆ ಇಲ್ಲಿ ಬಣ್ಣದ ಟೇಪು ಅಂಟಿಸುತ್ತಾರೆ, ದೃಶ್ಯಕ್ಕೊಂದು ಬಣ್ಣ. ಪೆಂಡಾಲಿನವರ ಜಮಖಾನೆಗೆ ಟೇಪು ಹಿಡಿಯುವುದಿಲ್ಲ, ಧೂಳಿಗೆ ಎದ್ದು ಬರುತ್ತದೆ. ಅಂಗೈಯಷ್ಟು ಬಣ್ಣದ ಬಟ್ಟೆಯನ್ನು ನಾಲ್ಕು ಹೊಲಿಗೆ ಹಾಕಿ ಕೂರಿಸಿದರೆ ಕುಣಿತದ ತಂಡಗಳು ತುಳಿದರೂ ಅಲುಗುವುದಿಲ್ಲ. ಡ್ರೆಸ್ಸು ಎರಡು ದಿನ ಮೊದಲೇ ಬರಲಿ, ಎರಡು ದಿನದ ಬಾಡಿಗೆ ಹೆಚ್ಚಾದರೂ ಚಿಂತೆಯಿಲ್ಲ. ಕಿರೀಟ ಜಾರುವುದು, ಪಂಚೆ ಕಾಲಿಗೆ ತೊಡಕುವುದು ತಾಲೀಮಿನಲ್ಲೇ ಕಾಣಬೇಕು. ಒಂದು ಸಂಜೆ ಪೂರ್ತಿ ಮಾತುಗಳನ್ನೆಲ್ಲ ಹಾರಿಸಿ, ನಂಬರಿನಿಂದ ನಂಬರಿಗೆ ಜಿಗಿಯುತ್ತ ತಾಲೀಮು ಮಾಡಿ. ಆ ದಿನ ನಟರಿಗೆ ಬೇಸರವಾಗುತ್ತದೆ, ಆಗಲಿ. ಅದು ಪರದೆಯ ಹಿಂದಿನವರ ದಿನ.

ಮೈಕಿನ ವಿಷಯ. ಐದಾರು ಮೈಕು ಇಟ್ಟರೆ ಚೆನ್ನಾಗಿ ಕೇಳುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ತೆರೆದ ಮೈಕು ಎರಡರಷ್ಟಾದಾಗಲೆಲ್ಲ, ಕುಂಯ್ ಎನ್ನುವ ಮೊದಲು ಏರಿಸಬಹುದಾದ ದನಿ 3 ಡೆಸಿಬಲ್ ಇಳಿಯುತ್ತದೆ. ಅದೇ ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ 6 ಡೆಸಿಬಲ್ ಸಿಗುತ್ತದೆ. ಸ್ಪೀಕರುಗಳು ಮೈಕಿನ ಸಾಲಿಗಿಂತ ಮುಂದೆ, ಜನರ ಕಡೆ ಇರಲಿ. ಮೂರು ಮೈಕು ಸಾಕು, ಮಾತಿಲ್ಲದ ಮೈಕಿನ ದನಿ ಇಳಿಸುವುದಕ್ಕೆ ಪುಸ್ತಕ ಓದುವ ಒಬ್ಬ ಹುಡುಗ ಮಿಕ್ಸರಿನವನ ಪಕ್ಕ ಕೂಡಲಿ.

ಸಂಗೀತಕ್ಕೆ ಬಂದರೆ ತಕ್ಕಡಿ ಬೇರೆ ಕಡೆ ವಾಲುತ್ತದೆ. ಇಲ್ಲಿ ಬ್ಯಾಂಡು, ಆರ್ಕೆಸ್ಟ್ರಾ, ಕಾಯರ್ (ಸಮೂಹಗಾನ) ಎಲ್ಲ ಶಾಲೆಯ ವೇಳಾಪಟ್ಟಿಯಲ್ಲೇ ಇರುವ ಪಾಠಗಳು, ಗಣಿತದಂತೆ ಅಂಕವೂ ಉಂಟು. ಮಕ್ಕಳು ನೋಟೇಶನ್ ನೋಡಿದಕೂಡಲೇ ನುಡಿಸುತ್ತಾರೆ. ನಮ್ಮಲ್ಲಿ ಸಂಗೀತ ಶಿಕ್ಷಕರಿರುವ ಹೈಸ್ಕೂಲು ಅಪರೂಪ. ಆದರೆ ನಮ್ಮ ಬಳಿ ಪೇಟಿ (ಹಾರ್ಮೋನಿಯಂ) ಇತ್ತು, ಅದನ್ನು ಪೆನ್‌ಡ್ರೈವ್ ನುಂಗಿತು. ಎಂಟು-ಒಂಬತ್ತನೆಯ ಇಯತ್ತೆಯ ಹುಡುಗರಿಗೆ ದನಿ ಒಡೆಯುವ ವಯಸ್ಸು. ಜೂನ್‌ನಲ್ಲಿ ಮೇಲಿನ ಷಡ್ಜ ಮುಟ್ಟಿದವನು ಡಿಸೆಂಬರಿಗೆ ಪಂಚಮಕ್ಕೇ ತಡವರಿಸುತ್ತಾನೆ. ಪೇಟಿ ಮಾಸ್ತರು ಶ್ರುತಿಯನ್ನು ಕಪ್ಪು ನಾಲ್ಕನೆಯ ಮನೆ ಬಿಟ್ಟು ಕಪ್ಪು ಎರಡಕ್ಕೋ ಒಂದಕ್ಕೋ ಇಳಿದು ಅವನನ್ನು ಉಳಿಸುತ್ತಾರೆ. ಪೆನ್‌ಡ್ರೈವಿನ ಟ್ರ್ಯಾಕು ಹಾಗೆ ಇಳಿಯುವುದಿಲ್ಲ. ಪಾತ್ರ ಬರುವುದು ತಡವಾದರೆ ಪೇಟಿ ಅದೇ ಸಾಲನ್ನು ತಿರುಗಿ ತಿರುಗಿ ನುಡಿಸಿ ಕಾಯುತ್ತದೆ. ಇಲ್ಲಿನ ಸಂಗೀತ ನಾಟಕದ ನೋಟೇಶನ್ನಿನಲ್ಲೂ ಇದಕ್ಕೆಂದೇ ತಿರುಗಿಸುವ ಪಟ್ಟಿಗಳಿರುತ್ತವೆ, ವ್ಯಾಂಪ್ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ಜಾನಪದ ಆಟ ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳ ಬರೆದಿಡದೆಯೇ ಇದನ್ನು ಮಾಡುತ್ತ ಬಂದಿದೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಆಟ ಅದು.

ತಬಲಾದ್ದು ಒಂದು ಎಚ್ಚರ. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಶ್ರುತಿ ಮಾಡಿಟ್ಟ ತಬಲಾ ರಾತ್ರಿಯ ಇಬ್ಬನಿಗೆ ಚರ್ಮ ಸಡಿಲಾಗಿ ಇಳಿದಿರುತ್ತದೆ. ಅರ್ಧ ಗಂಟೆ ಮೊದಲೇ ಸ್ಟೇಜಿಗೆ ತಂದು, ದೀಪ ಹತ್ತಿದ ಮೇಲೆ ಗಜರಾದ (ಚರ್ಮದ ಅಂಚಿನ ಹೆಣಿಗೆಯ) ಸುತ್ತ ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಹಗುರವಾಗಿ ಬಡಿದು ಏರಿಸಬೇಕು. ಒಂದೇ ಕಡೆ ಬಡಿದರೆ ಆ ಬದಿಯಷ್ಟೇ ಏರಿ, ಇಡೀ ತಬಲಾ ಬೇಸುರಾಗುತ್ತದೆ.

ಇದೆಲ್ಲ ಕಲಿಯಲು ಅಮೆರಿಕಕ್ಕೆ ಬರಬೇಕಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬೀಡುಬಿಡುವುದು ಹೆಚ್ಚುಕಡಿಮೆ ಗ್ಯಾದರಿಂಗಿನ ದಿನಗಳಲ್ಲೇ. ರಂಗನಟ ಏಣಗಿ ಬಾಳಪ್ಪನವರಂಥವರು ಬಾಲನಟರಾಗಿ ಸೇರಿ ಮಾಲಕರಾಗುವಷ್ಟು ಕಲಿತ ಶಾಲೆ ಅದು. ಮಾಲಕರನ್ನು ಕೇಳಿಕೊಂಡು ಒಂಬತ್ತನೆಯ ಇಯತ್ತೆಯ ಹತ್ತು ಮಕ್ಕಳನ್ನು ಸಂಜೆ ನಾಲ್ಕಕ್ಕೆ, ಆಟ ಶುರುವಾಗುವ ಮೊದಲು, ಹಿಂದಿನ ಬಾಗಿಲಿನಿಂದ ಕರೆದೊಯ್ಯಿರಿ. ಸೀನಿನ ಪರದೆಗಳನ್ನು ಯಾವ ಕ್ರಮದಲ್ಲಿ ಕಟ್ಟಿದ್ದಾರೆ, ಹಗ್ಗಗಳಿಗೆ ಗುರುತು ಹೇಗೆ ಮಾಡಿದ್ದಾರೆ, ಪೇಟಿಯವರಿಗೆ ಪಾತ್ರ ಕಾಣುವಂತೆ ಎಲ್ಲಿ ಕೂಡಿಸಿದ್ದಾರೆ ಎಂದು ಮಕ್ಕಳು ಬರೆದುಕೊಳ್ಳಲಿ.

ಗ್ಯಾದರಿಂಗಿನ ಸಂಜೆ ಯಾವನಾದರೂ ಓಡಿಬಂದು "ಸರ, ಪರದೆ ಈಗ ಎಳೀಲ್ರಿ?" ಎಂದು ಕೇಳಿದರೆ, ಪುಸ್ತಕ ಹಿಡಿದ ಹುಡುಗಿಯ ಕಡೆ ಕೈ ತೋರಿಸಿ. ನೀವು ಮೂರನೇ ಸಾಲಿನಲ್ಲಿ, ಅವ್ವ-ಅಪ್ಪಂದಿರ ನಡುವೆ ಕೂತಿರಬೇಕು.